ಎಸ್‌ಟಿಪಿಯಿಂದ ಬಗ್ಗಡ ನೀರು: ಕೊಡಗಿನ ಸಣ್ಣ ಪಟ್ಟಣಗಳಲ್ಲಿ ದೋಷ ಹುಡುಕುವ ಬಗೆ

ಪಟ್ಟಣ ಪಂಚಾಯಿತಿಯ ಕೊಳಚೆ ನೀರು ಶುದ್ಧೀಕರಣ ಘಟಕದಿಂದ (ಎಸ್‌ಟಿಪಿ) ಬರುವ ದೂರು ಬಹುತೇಕ ಒಂದೇ ಸಾಲಿನದು: ಹೊರಹೋಗುವ ನೀರು ಬಗ್ಗಡವಾಗಿದೆ. ಈ ಸಾಲಿನ ಹಿಂದೆ ಆರೇಳು ಬೇರೆ ಬೇರೆ ಕಾರಣಗಳಿರಬಹುದು, ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಕೇಡು. ಗಾಳಿ ಸಾಲದೆ ಸ್ಲಡ್ಜ್ (ಕೊಳಚೆಯನ್ನು ತಿಂದು ಶುದ್ಧಮಾಡುವ ಬ್ಯಾಕ್ಟೀರಿಯಾಗಳ ಕೆಸರು) ಕೊಳೆತಿದ್ದರೆ ಗಾಳಿ ಊದುವ ಬ್ಲೋವರನ್ನು ಹೆಚ್ಚು ಹೊತ್ತು ಓಡಿಸಬೇಕು. ಗಾಳಿ ಅತಿಯಾಗಿ ಪಿಎಚ್ ಕುಸಿದು ನೀರು ಹುಳಿಯಾಗಿದ್ದರೆ ಅದೇ ಬ್ಲೋವರನ್ನು ನಿತ್ಯ ಕೆಲವು ಗಂಟೆ ನಿಲ್ಲಿಸಬೇಕು. ಎರಡರಲ್ಲೂ ಕಣ್ಣಿಗೆ ಕಾಣುವುದು ಮಾತ್ರ ಅದೇ ಬಗ್ಗಡ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ದೋಷ ಕಾಣಿಸಿಕೊಳ್ಳುವ ಜಾಗ ಕ್ಲಾರಿಫೈಯರ್, ಅಂದರೆ ಸ್ಲಡ್ಜ್ ತಳಕ್ಕೆ ಕುಳಿತು ತಿಳಿ ನೀರು ಹೊರಹೋಗುವ ತೊಟ್ಟಿ. ಹುಟ್ಟಿದ ಜಾಗ ಹೆಚ್ಚಾಗಿ ಒಳಚರಂಡಿ ಕೊಳವೆ, ಮನೆಯ ಮಾಡು, ಕಾಫಿ ತೋಟ ಅಥವಾ ಸ್ಲಡ್ಜ್ ಒಣಗಿಸುವ ಹಾಸು. ಹಾಗಾಗಿ ಇಲ್ಲಿ ಮೊದಲ ಉಪಕರಣ ಕ್ಯಾಲೆಂಡರ್. ತಿಂಗಳು ಯಾವುದು ಎಂದು ತಿಳಿದರೆ ಅರ್ಧ ಕಾರಣಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಸಣ್ಣ ಪಟ್ಟಣಗಳಲ್ಲಿ ಸಾಮಾನ್ಯವಾಗಿ ಕಾಣುವ ಎಕ್ಸ್‌ಟೆಂಡೆಡ್ ಏರೇಷನ್ (ಕೊಳಚೆಗೆ ಹೆಚ್ಚು ಹೊತ್ತು ಗಾಳಿ ಊದುವ) ಘಟಕವನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ: ಜಾಲರಿ, ಮರಳು ತೊಟ್ಟಿ, ಏರೇಷನ್ ಟ್ಯಾಂಕ್, ಕ್ಲಾರಿಫೈಯರ್, ಕ್ಲೋರಿನ್ ತೊಟ್ಟಿ, ಒಣಗಿಸುವ ಹಾಸು.

ಮುಟ್ಟುವ ಮೊದಲು ಅಳೆಯಿರಿ

ವಾಲ್ವ್ ತಿರುಗಿಸುವ ಮೊದಲು ಐದು ಅಂಕಿಗಳು ಕೈಯಲ್ಲಿರಬೇಕು: ಒಳಬರುವ ನೀರಿನ ಪ್ರಮಾಣ, ಒಳಹರಿವಿನ ಪಿಎಚ್, ಏರೇಷನ್ ಟ್ಯಾಂಕಿನ ಪಿಎಚ್, ಅಲ್ಲಿನ ಕರಗಿದ ಆಮ್ಲಜನಕ, ಮತ್ತು ಅರ್ಧ ಗಂಟೆಯ ಜಾಡಿ ಪರೀಕ್ಷೆ. ಎಂಎಲ್‌ಎಸ್‌ಎಸ್ (ಏರೇಷನ್ ಟ್ಯಾಂಕಿನ ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಸ್ಲಡ್ಜ್ ಇದೆ ಎಂಬ ಅಂಕಿ) ಅಳೆಯುವ ಸೌಕರ್ಯವಿದ್ದರೆ ಆರನೆಯದು. ಬಿಒಡಿ (ಕೊಳಚೆಯನ್ನು ಕೊಳೆಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ವರದಿಗಾಗಿ ಕಾಯಬೇಡಿ. ಅದು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಮಾಡುವ ಪರೀಕ್ಷೆ; ಫಲಿತಾಂಶ ಬರುವಷ್ಟರಲ್ಲಿ ದೋಷದ ರೂಪವೇ ಬದಲಾಗಿರುತ್ತದೆ.

ಜಾಡಿ ಪರೀಕ್ಷೆಗೆ ಏರೇಷನ್ ಟ್ಯಾಂಕಿನ ಒಂದು ಲೀಟರ್ ನೀರನ್ನು ಅಳತೆ ಜಾಡಿಗೆ ಸುರಿದು ಅಲುಗಾಡಿಸದೆ ಮೂವತ್ತು ನಿಮಿಷ ಬಿಡಬೇಕು. ಸ್ಲಡ್ಜ್ ಎಷ್ಟು ಮಿಲಿಲೀಟರ್‌ಗೆ ಇಳಿಯಿತು ಎಂಬುದು ಒಂದು ಅಂಕಿ. ಅದನ್ನು ಸಾವಿರದಿಂದ ಗುಣಿಸಿ ಎಂಎಲ್‌ಎಸ್‌ಎಸ್‌ನಿಂದ ಭಾಗಿಸಿದರೆ ಸ್ಲಡ್ಜ್ ಸೂಚ್ಯಂಕ ಸಿಗುತ್ತದೆ. 3000 ಎಂಎಲ್‌ಎಸ್‌ಎಸ್ ಇರುವಾಗ ಸ್ಲಡ್ಜ್ 300ಕ್ಕೆ ಇಳಿದರೆ ಸೂಚ್ಯಂಕ 100, ಚಿಂತೆಯಿಲ್ಲ. 600ರಲ್ಲೇ ನಿಂತರೆ 200. 150 ದಾಟಿತೆಂದರೆ ಸ್ಲಡ್ಜ್ ಉಬ್ಬಿದೆ, ಸರಿಯಾಗಿ ತಳಕ್ಕೆ ಕೂರುತ್ತಿಲ್ಲ ಎಂದರ್ಥ.

ಎಂಎಲ್‌ಎಸ್‌ಎಸ್ ಅಳೆಯಲು ಪ್ರಯೋಗಾಲಯ ಇಲ್ಲದಿದ್ದರೆ ಇನ್ನೊಂದು ಉಪಾಯವಿದೆ. ಎರಡನೇ ಜಾಡಿಯಲ್ಲಿ ಅರ್ಧ ಏರೇಷನ್ ಟ್ಯಾಂಕಿನ ನೀರು, ಅರ್ಧ ಕ್ಲಾರಿಫೈಯರ್ ದಾಟಿದ ತಿಳಿ ನೀರು ಬೆರೆಸಿ ಪಕ್ಕದಲ್ಲೇ ಇಡಿ. ಅದು ಮೊದಲ ಜಾಡಿಯ ಅರ್ಧಕ್ಕಿಂತ ಬಹಳ ಕೆಳಗಿಳಿದರೆ ಸ್ಲಡ್ಜ್‌ನ ಗುಣ ಕೆಟ್ಟಿಲ್ಲ, ಪ್ರಮಾಣ ಹೆಚ್ಚಾಗಿದೆ. ಅರ್ಧದ ಹತ್ತಿರವೇ ನಿಂತರೆ ಎಳೆಎಳೆಯಾದ ಬ್ಯಾಕ್ಟೀರಿಯಾ ಬೆಳೆದಿದೆ ಎಂದು ಅನುಮಾನಿಸಬೇಕು. ಮೊದಲನೆಯದಕ್ಕೆ ಸ್ಲಡ್ಜ್ ತೆಗೆಯುವುದೇ ಪರಿಹಾರ, ಎರಡನೆಯದಕ್ಕೆ ಕಾರಣ ಹುಡುಕಬೇಕು. ಈ ಒಂದು ಪರೀಕ್ಷೆಯನ್ನು ಮಾಡದೆಯೇ ಚೀಲಗಟ್ಟಲೆ ‘ಬ್ಯಾಕ್ಟೀರಿಯಾ ಪುಡಿ’ ಖರೀದಿಸುವವರಿದ್ದಾರೆ. ಕೊಳಚೆ ನೀರೇ ದಿನವೂ ಕೋಟಿ ಕೋಟಿ ಬ್ಯಾಕ್ಟೀರಿಯಾಗಳನ್ನು ಹೊತ್ತು ತರುತ್ತಿರುವಾಗ ಅವುಗಳಿಗೆ ಬದುಕಲು ತೊಂದರೆ ಏನೆಂದು ನೋಡುವುದು ಬಿಟ್ಟು ಹೊಸಬರನ್ನು ಕರೆತರುವುದರಲ್ಲಿ ಅರ್ಥವಿಲ್ಲ.

ಜೂನ್‌ನಿಂದ ಸೆಪ್ಟೆಂಬರ್: ಮೊದಲು ಒಣಗಿಸುವ ಹಾಸಿನ ಬಳಿ ಹೋಗಿ

ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆ ಹಿಡಿದರೆ ಘಟಕಕ್ಕೆ ಬರುವ ನೀರು ಎರಡು ಮೂರು ಪಟ್ಟಾಗಬಹುದು. ಒಳಚರಂಡಿಗೆ ಮಳೆನೀರು ಬರಬಾರದು ಎಂಬುದು ವಿನ್ಯಾಸದ ಮಾತು. ವಾಸ್ತವದಲ್ಲಿ ಮಾಡಿನ ನೀರು ಇಳಿಯುವ ಪೈಪನ್ನು ಅಂಗಳದ ಚೇಂಬರಿಗೆ ಜೋಡಿಸಿದ ಮನೆಗಳು ಪ್ರತಿ ಬೀದಿಯಲ್ಲೂ ಸಿಗುತ್ತವೆ.

ಇದರ ಲೆಕ್ಕ ಹಾಕಿ ನೋಡಿ. 100 ಚದರ ಮೀಟರ್ ಮಾಡಿನ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ ಐದು ಸಾವಿರ ಲೀಟರ್ ನೀರು ಇಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ನೀರು ಪೂರೈಕೆಯಾಗಿ ಅದರ ಶೇ. 80ರಷ್ಟು ಕೊಳಚೆಯಾಗಿ ಮರಳುತ್ತದೆ ಎಂಬ ವಿನ್ಯಾಸದ ಲೆಕ್ಕದಲ್ಲಿ ಐದು ಜನರ ಮನೆಯಿಂದ ದಿನಕ್ಕೆ ಬರುವುದು 540 ಲೀಟರ್. ಅಂದರೆ ಒಂದು ಮಾಡು ಒಂದು ಗಂಟೆಯಲ್ಲಿ ಒಂಬತ್ತು ಮನೆಗಳ ದಿನವಿಡೀ ಕೊಳಚೆಯಷ್ಟು ನೀರು ಕಳಿಸುತ್ತದೆ. ಇಂಥ ನೂರು ಮನೆಗಳಿದ್ದರೆ ಕ್ಲಾರಿಫೈಯರ್ ತಡೆಯುವುದಾದರೂ ಹೇಗೆ?

ಆದರೆ ಅದೇ ಮಳೆಗೆ ಒಂದು ಘಟಕ ತಡೆದುಕೊಳ್ಳುತ್ತದೆ, ಇನ್ನೊಂದು ಸ್ಲಡ್ಜನ್ನೆಲ್ಲ ಹೊಳೆಗೆ ಬಿಟ್ಟುಕೊಡುತ್ತದೆ. ಈ ವ್ಯತ್ಯಾಸವನ್ನು ಬೆನ್ನು ಹತ್ತಿ ಹೋದರೆ ಸಿಗುವ ಸಾಮಾನ್ಯ ಕಾರಣ ಒಣಗಿಸುವ ಹಾಸು. ಮರಳಿನ ತೆರೆದ ಹಾಸು ಬಯಲುಸೀಮೆಯಲ್ಲಿ ಹತ್ತು ಹದಿನೈದು ದಿನಗಳಲ್ಲಿ ಒಣಗಿಸಿಕೊಡುತ್ತದೆ. ಕೊಡಗಿನ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಹಾಕಿದ ಸ್ಲಡ್ಜ್ ಮಳೆನೀರಿನೊಂದಿಗೆ ತೇಲುತ್ತದೆ. ಹಾಸು ತುಂಬಿದ ಮೇಲೆ ಆಪರೇಟರ್ ಸ್ಲಡ್ಜ್ ತೆಗೆಯುವುದನ್ನು ನಿಲ್ಲಿಸುತ್ತಾನೆ, ಬೇರೆ ದಾರಿ ಅವನಿಗೂ ಇರುವುದಿಲ್ಲ. ಎಂಎಲ್‌ಎಸ್‌ಎಸ್ 3000ದಿಂದ 5000, 6000ಕ್ಕೆ ಏರುತ್ತದೆ. ಕ್ಲಾರಿಫೈಯರ್‌ನೊಳಗೆ ಸ್ಲಡ್ಜ್‌ನ ಪದರ ಅಂಚಿಗೆ ಹತ್ತಿರವಾಗುತ್ತದೆ. ಆಮೇಲೆ ಒಂದು ರಾತ್ರಿಯ ದೊಡ್ಡ ಮಳೆ ಸಾಕು. ಬೆಳಗ್ಗೆ ಬಂದು ನೋಡಿದವರು ಮಳೆಯನ್ನು ದೂರುತ್ತಾರೆ. ಮಳೆ ಬಂದದ್ದು ಕೊನೆಗೆ.

ಆದ್ದರಿಂದ ಮಳೆಗಾಲದ ಬಗ್ಗಡಕ್ಕೆ ಪರೀಕ್ಷೆಯ ಕ್ರಮ ಹೀಗಿರಲಿ. ಹಾಸುಗಳು ತುಂಬಿವೆಯೇ, ಕೊನೆಯ ಬಾರಿ ಸ್ಲಡ್ಜ್ ತೆಗೆದದ್ದು ಯಾವಾಗ ಎಂದು ದಾಖಲೆ ಪುಸ್ತಕದಲ್ಲಿ ನೋಡಿ. ಕ್ಲಾರಿಫೈಯರ್‌ನಲ್ಲಿ ಪದರದ ಎತ್ತರ ಅಳೆಯಿರಿ. ಎರಡೂ ತುದಿ ತೆರೆದ ಪಾರದರ್ಶಕ ಕೊಳವೆಯನ್ನು ನಿಧಾನವಾಗಿ ಇಳಿಸಿ, ಮೇಲಿನ ಬಾಯಿ ಮುಚ್ಚಿ ಎತ್ತಿದರೆ ಪದರ ಕಾಣುತ್ತದೆ. ನೀರಿನ ಆಳದ ಮೂರನೇ ಒಂದು ಭಾಗಕ್ಕಿಂತ ಮೇಲೆ ಇದ್ದರೆ ಅಪಾಯ. ಆಮೇಲೆ ಜಾಡಿ ಪರೀಕ್ಷೆ.

ತಕ್ಷಣದ ಪರಿಹಾರವಾಗಿ ಹರಿವು ಏರುತ್ತಿರುವ ಹೊತ್ತಿನಲ್ಲಿ ಬ್ಲೋವರನ್ನು ಒಂದೆರಡು ಗಂಟೆ ನಿಲ್ಲಿಸಿ ಸ್ಲಡ್ಜನ್ನು ಏರೇಷನ್ ಟ್ಯಾಂಕಿನಲ್ಲೇ ಕೂರಿಸಬಹುದು. ಆಗ ಕ್ಲಾರಿಫೈಯರ್‌ಗೆ ಹೋಗುವ ಸ್ಲಡ್ಜ್ ಕಡಿಮೆಯಾಗುತ್ತದೆ. ಗಾಳಿ ನಿಲ್ಲಿಸಿದರೆ ಎಲ್ಲ ಸತ್ತುಹೋಗುತ್ತದೆ ಎಂದು ಹಲವರು ಹೆದರುತ್ತಾರೆ; ಮಳೆನೀರು ಬೆರೆತು ತೆಳುವಾದ ಕೊಳಚೆಗೆ ಅಷ್ಟು ಹೊತ್ತು ಗಾಳಿ ಇಲ್ಲದಿದ್ದರೆ ಏನೂ ಆಗದು. ಮಳೆ ಜೋರಾದೊಡನೆ, ಕ್ಲಾರಿಫೈಯರ್ ತಳದ ಸ್ಲಡ್ಜನ್ನು ಏರೇಷನ್ ಟ್ಯಾಂಕಿಗೆ ಮರಳಿ ಕಳಿಸುವ ಪಂಪನ್ನು ಪೂರ್ಣ ವೇಗದಲ್ಲಿ ಓಡಿಸುವ ಅಭ್ಯಾಸವೂ ಇದೆ. ಅದು ಕ್ಲಾರಿಫೈಯರ್ ಮೇಲಿನ ಹೊರೆಯನ್ನು ಹೆಚ್ಚಿಸುತ್ತದೆಯೇ ಹೊರತು ಇಳಿಸುವುದಿಲ್ಲ.

ಶಾಶ್ವತ ಪರಿಹಾರ ಏಪ್ರಿಲ್, ಮೇ ತಿಂಗಳ ಕೆಲಸ. ಬಿಸಿಲಿರುವಾಗಲೇ ಸ್ಲಡ್ಜ್ ತೆಗೆದು ಒಣಗಿಸಿ, ಹಾಸು ಖಾಲಿ ಮಾಡಿ, ಎಂಎಲ್‌ಎಸ್‌ಎಸ್ ಇಳಿಸಿಕೊಂಡು ಜೂನ್‌ಗೆ ಕಾಲಿಡಬೇಕು. ಹಾಸಿನ ಮೇಲೆ ಬೆಳಕು ಬಿಡುವ ಶೀಟಿನ ಮಾಡು ಹಾಕಿಸುವುದು ಇನ್ನೂ ಒಳ್ಳೆಯದು. ಕಾಫಿ ಒಣಗಿಸಲು ಅಂಥ ಮಾಡು ಕಟ್ಟುವವರಿಗೆ ಇದು ಹೊಸ ವಿದ್ಯೆಯೇನಲ್ಲ.

ಕೊಳವೆ ಜಾಲದಲ್ಲಿ ಮಳೆನೀರು ಎಲ್ಲಿಂದ ಸೇರುತ್ತಿದೆ ಎಂದು ಹುಡುಕಲು ರಾತ್ರಿ ಎರಡರಿಂದ ನಾಲ್ಕು ಗಂಟೆಯ ಹೊತ್ತು ಸೂಕ್ತ. ಊರು ಮಲಗಿರುವಾಗಲೂ ಮ್ಯಾನ್‌ಹೋಲ್‌ನಲ್ಲಿ ತಿಳಿ ನೀರು ಜೋರಾಗಿ ಹರಿಯುತ್ತಿದ್ದರೆ ಅದರ ಮೇಲ್ಭಾಗದ ಬೀದಿಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಮಳೆ ನಿಂತ ಅರ್ಧ ಗಂಟೆಯಲ್ಲಿ ಹರಿವು ಇಳಿದರೆ ಮಾಡಿನ ಪೈಪುಗಳು ಕಾರಣ. ಮಳೆ ನಿಂತು ಎರಡು ದಿನವಾದರೂ ಇಳಿಯದಿದ್ದರೆ ಒಡೆದ ಕೊಳವೆಗೆ ಗದ್ದೆಯ ಅಥವಾ ತೊರೆಯ ನೀರು ಸೋರಿ ಬರುತ್ತಿದೆ. ಮುಚ್ಚಳ ತೆರೆದು ಮೇಲಿನಿಂದ ನೋಡಬೇಕು, ಅಷ್ಟೇ. ಒಳಗೆ ಯಾರನ್ನೂ ಇಳಿಸಬಾರದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದಾಗ ಮೂಗು ಆ ವಾಸನೆಯನ್ನೇ ಗುರುತಿಸುವುದಿಲ್ಲ, ಮತ್ತು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಅಪರಾಧ.

ಕುಶಾಲನಗರದ ಕಡೆ ಮಳೆ ಕಡಿಮೆ, ಆದರೆ ಕಾವೇರಿ ಇದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಅಲ್ಲಿನ ತಗ್ಗು ಬಡಾವಣೆಗಳಿಗೆ ನದಿ ನುಗ್ಗಿತ್ತು. ನದಿಯಂಚಿನ ಘಟಕಗಳಲ್ಲಿ ಪ್ರವಾಹಕ್ಕೆ ಮೊದಲೇ, ಹೊರನೀರಿನ ಪೈಪಿನ ಮೂಲಕ ನದಿ ಹಿಮ್ಮುಖವಾಗಿ ಒಳಬರಬಹುದು. ಪೈಪಿನ ಬಾಯಿಗೆ ಒಂದೇ ದಿಕ್ಕಿಗೆ ತೆರೆಯುವ ಕವಾಟ ಇದೆಯೇ, ಅದರಲ್ಲಿ ಕಡ್ಡಿಕಸ ಸಿಕ್ಕಿ ತೆರೆದೇ ನಿಂತಿದೆಯೇ ಎಂದು ಮೇ ತಿಂಗಳಲ್ಲೇ ನೋಡಿಕೊಳ್ಳಬೇಕು.

ಡಿಸೆಂಬರ್‌ನಿಂದ ಮಾರ್ಚ್: ಪಿಎಚ್ ಕಾಗದ ಜೇಬಿನಲ್ಲಿರಲಿ

ಅರೇಬಿಕಾ ಕೊಯ್ಲು ಆರಂಭವಾದಂದಿನಿಂದ ರೋಬಸ್ಟಾ ಮುಗಿಯುವವರೆಗೆ ಪಲ್ಪಿಂಗ್ ನಡೆಯುತ್ತಿರುತ್ತದೆ. ಹಣ್ಣಿನ ಸಿಪ್ಪೆ ಬಿಡಿಸಿ ಲೋಳೆ ತೊಳೆದ ಆ ನೀರನ್ನು ತೋಟದಲ್ಲೇ ಹೊಂಡಗಳಲ್ಲಿ ಇಟ್ಟು ಸಂಸ್ಕರಿಸಬೇಕು. ಹೊಂಡ ತುಂಬಿದಾಗ ಕೆಲವೊಮ್ಮೆ ಅದು ಚರಂಡಿ ಹಿಡಿದು ಅಥವಾ ಟ್ಯಾಂಕರ್ ಏರಿ ಪಟ್ಟಣದ ಮ್ಯಾನ್‌ಹೋಲ್ ತಲುಪುತ್ತದೆ.

ಊರಿನ ಕೊಳಚೆಯ ಬಿಒಡಿ ಲೀಟರ್‌ಗೆ ಸುಮಾರು 250 ಮಿಲಿಗ್ರಾಂ. ಪಲ್ಪಿಂಗ್ ನೀರಿನದು ಸಾವಿರಗಳಲ್ಲಿ. ಐದು ಸಾವಿರ ಎಂದೇ ಇಟ್ಟುಕೊಂಡರೆ ಆರು ಸಾವಿರ ಲೀಟರಿನ ಒಂದು ಟ್ಯಾಂಕರಿನಲ್ಲಿ 30 ಕಿಲೋ ಬಿಒಡಿ ಇರುತ್ತದೆ. ಒಬ್ಬ ಮನುಷ್ಯನದು ದಿನಕ್ಕೆ 27 ಗ್ರಾಂ. ಹನ್ನೊಂದು ನೂರು ಜನರ ಒಂದು ದಿನದ ಹೊರೆ ಹತ್ತು ನಿಮಿಷದಲ್ಲಿ ಬಂದು ಬಿದ್ದಂತೆ. ಸಕ್ಕರೆ ಅಂಶ ಹೆಚ್ಚು, ಸಾರಜನಕ ಕಡಿಮೆ. ಎಳೆ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಹಬ್ಬದೂಟ ಬೇಕಿಲ್ಲ. ಕರಗಿದ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಶೂನ್ಯದ ಹತ್ತಿರ ಬರುತ್ತದೆ, ನಾಲ್ಕೈದು ದಿನಗಳ ಮೇಲೆ ಸ್ಲಡ್ಜ್ ಉಬ್ಬತೊಡಗುತ್ತದೆ. ಈ ನಾಲ್ಕೈದು ದಿನಗಳ ಅಂತರವೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಬಗ್ಗಡ ಕಂಡ ದಿನ ಒಳಹರಿವು ಸರಿಯಾಗಿಯೇ ಇರುತ್ತದೆ.

ಹಾಗಾಗಿ ಕೊಯ್ಲಿನ ತಿಂಗಳುಗಳಲ್ಲಿ ಒಳಹರಿವಿನ ಪಿಎಚ್ ಅನ್ನು ರಾತ್ರಿ ಪಾಳಿಯಲ್ಲೂ ಪ್ರತಿ ಎರಡು ಗಂಟೆಗೆ ಬರೆದಿಡಬೇಕು. ಊರಿನ ಕೊಳಚೆ 6.5ರಿಂದ 7.5ರೊಳಗೆ ಇರುತ್ತದೆ. ಪಲ್ಪಿಂಗ್ ನೀರು ಹುಳಿತಿದ್ದರೆ ಅದರ ಪಿಎಚ್ 4ರ ಆಸುಪಾಸು. ಬೆರೆತ ಮೇಲೂ 5, 5.5ಕ್ಕೆ ಇಳಿಸುತ್ತದೆ. ಬಣ್ಣ ಕಂದು, ಹುದುಗಿದ ಹಣ್ಣಿನ ವಾಸನೆ. ಖಚಿತಪಡಿಸಿಕೊಳ್ಳಲು ಒಂದು ಲೋಟ ಮಾದರಿಗೆ ಸ್ವಲ್ಪ ಸುಣ್ಣದ ತಿಳಿ ಹಾಕಿ. ಪಿಎಚ್ 7 ದಾಟುತ್ತಿದ್ದಂತೆ ಕಾಫಿ ಸಿಪ್ಪೆಯ ಬಣ್ಣದ ಅಂಶಗಳು ಕಡು ಹಸಿರಿಗೆ, ಆಮೇಲೆ ಕಪ್ಪಿಗೆ ತಿರುಗುತ್ತವೆ.

ಶೌಚದ ಗುಂಡಿ ಖಾಲಿ ಮಾಡುವ ಟ್ಯಾಂಕರೂ ಇದೇ ಮ್ಯಾನ್‌ಹೋಲ್‌ಗೆ ಬರುತ್ತದೆ, ಅದೂ ಕತ್ತಲಾದ ಮೇಲೆ. ಅದರ ನೀರೂ ಗಾಢ, ಆದರೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ, ಪಿಎಚ್ ಮಾತ್ರ 7ರ ಹತ್ತಿರ. ಇವೆರಡನ್ನು ಬೇರೆ ಮಾಡಲು ಪಿಎಚ್ ಕಾಗದದ ಒಂದು ತುಂಡು ಸಾಕು.

ಪಲ್ಪಿಂಗ್ ನೀರು ಬಂದದ್ದು ತಿಳಿದೊಡನೆ ಸಾಧ್ಯವಾದಷ್ಟನ್ನು ಸಮತೋಲನ ತೊಟ್ಟಿಯಲ್ಲಿ (ಹರಿವನ್ನು ಸಮಗೊಳಿಸಲು ಒಳಬರುವ ನೀರನ್ನು ತಡೆದಿಡುವ ತೊಟ್ಟಿ) ಹಿಡಿದಿಡಿ, ಸುಣ್ಣ ಹಾಕಿ 6.5ಕ್ಕೆ ಏರಿಸಿ, ಹೊರೆ ಕಡಿಮೆ ಇರುವ ನಡುರಾತ್ರಿಯ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಡಿ. ಎಲ್ಲ ಬ್ಲೋವರ್‌ಗಳೂ ಓಡಲಿ. ಸ್ಲಡ್ಜ್ ಉಬ್ಬಿಯೇ ಬಿಟ್ಟಿದ್ದರೆ ಮರಳಿ ಬರುವ ಸ್ಲಡ್ಜ್‌ಗೆ ಕ್ಲೋರಿನ್ ಕೊಡಬಹುದು: ಟ್ಯಾಂಕಿನಲ್ಲಿರುವ ಸಾವಿರ ಕಿಲೋ ಸ್ಲಡ್ಜ್‌ಗೆ ದಿನಕ್ಕೆ ಎರಡು ಕಿಲೋ ಕ್ಲೋರಿನ್‌ನಿಂದ ಆರಂಭಿಸಿ, ದಿನವೂ ಸೂಚ್ಯಂಕ ನೋಡುತ್ತ ಹೋಗಿ. ಹೊರನೀರು ಹಾಲಿನಂತೆ ಬೆಳ್ಳಗಾದರೆ ಪ್ರಮಾಣ ಹೆಚ್ಚಾಯಿತು, ನಿಲ್ಲಿಸಿ.

ಮೂಲ ಹುಡುಕುವಾಗ ತೋಟದವರ ಮೇಲೆ ಏಕಾಏಕಿ ಎರಗುವುದು ಬೇಡ. ಮ್ಯಾನ್‌ಹೋಲ್‌ನಿಂದ ಮ್ಯಾನ್‌ಹೋಲ್‌ಗೆ ಪಿಎಚ್ ನೋಡುತ್ತ ಮೇಲಕ್ಕೆ ಹೋದರೆ ಹುಳಿ ನೀರು ಸೇರುವ ಕವಲು ತಾನಾಗಿ ಸಿಗುತ್ತದೆ. ಹೊಂಡ ಸೋರಿರುವುದು ಮಾಲೀಕರಿಗೇ ಗೊತ್ತಿಲ್ಲದ ಸಂದರ್ಭಗಳು ಕಡಿಮೆಯಲ್ಲ. ಮುಖ್ಯಾಧಿಕಾರಿಯವರ ಮೂಲಕ ಒಂದು ಮಾತು ಹೇಳಿಸಿದರೆ ಮುಗಿಯುತ್ತದೆ. ಮಾತಿಗೆ ಮಣಿಯದಿದ್ದರೆ ಮಾತ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಕಾನೂನಿನ ಮುಂದೆ ನಿಲ್ಲುವ ಮಾದರಿಯನ್ನು 1974ರ ಜಲ ಕಾಯ್ದೆಯ 21ನೇ ಕಲಮಿನಂತೆ ಮಂಡಳಿಯ ಅಧಿಕಾರಿಗಳೇ ತೆಗೆಯಬೇಕು; ನೀವು ಬಾಟಲಿಯಲ್ಲಿ ಹಿಡಿದಿಟ್ಟದ್ದು ನಿಮ್ಮ ತಿಳಿವಳಿಕೆಗಷ್ಟೇ.

ಒಳಹರಿವಿನ ಪಿಎಚ್ ಸರಿ, ಟ್ಯಾಂಕಿನದು ಕುಸಿದಿದೆ

ಒಳಬರುವ ನೀರು 7, ಏರೇಷನ್ ಟ್ಯಾಂಕ್ 5.8. ಯಾರೋ ಆಮ್ಲ ಸುರಿದರು ಎಂದು ಹುಡುಕಲು ಹೊರಡಬೇಡಿ. ಆಮ್ಲ ತಯಾರಾಗುತ್ತಿರುವುದು ಟ್ಯಾಂಕಿನೊಳಗೆ.

ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಪ್ರತಿ ಮಿಲಿಗ್ರಾಂ ಸಾರಜನಕಕ್ಕೆ 7.14 ಮಿಲಿಗ್ರಾಂ ಕ್ಷಾರೀಯತೆಯನ್ನು (ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿ) ತಿನ್ನುತ್ತವೆ. ಕೊಳಚೆಯಲ್ಲಿ 40 ಮಿಲಿಗ್ರಾಂ ಅಮೋನಿಯಾ ಸಾರಜನಕ ಇದ್ದು ಅದೆಲ್ಲವೂ ನೈಟ್ರೇಟ್ ಆದರೆ ಸುಮಾರು 285 ಮಿಲಿಗ್ರಾಂ ಕ್ಷಾರೀಯತೆ ಬೇಕು. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನ ಊರುಗಳಲ್ಲಿ ಇದು ಸಮಸ್ಯೆಯೇ ಅಲ್ಲ. ಕೊಡಗಿನ ತೊರೆ, ಹೊಳೆಗಳ ನೀರು ಮೃದು. ಕ್ಷಾರೀಯತೆಯ ದಾಸ್ತಾನು ಬೇಗ ಮುಗಿಯುತ್ತದೆ. ಪಿಎಚ್ 6ಕ್ಕಿಂತ ಕೆಳಗೆ ಹೋದಾಗ ಸ್ಲಡ್ಜ್‌ನ ಗಂಟುಗಳು ಒಡೆದು ಸಣ್ಣ ಕಣಗಳಾಗಿ ತೇಲುತ್ತವೆ, ನೀರು ಬಗ್ಗಡವಾಗುತ್ತದೆ. ಆಗ ಗಾಳಿ ಸಾಲದು ಎಂದು ಬ್ಲೋವರ್ ಇನ್ನಷ್ಟು ಓಡಿಸಿದರೆ ಆಮ್ಲವೂ ಇನ್ನಷ್ಟಾಗುತ್ತದೆ.

ಖಚಿತಪಡಿಸಲು ಕರಗಿದ ಆಮ್ಲಜನಕ ನೋಡಿ. ಅದು 4, 5ರಷ್ಟು ಇದ್ದು, ಹೊರನೀರಿನ ಕ್ಷಾರೀಯತೆ 50ಕ್ಕಿಂತ ಕಡಿಮೆ ಇದ್ದರೆ ಇದೇ ದೋಷ. ಬ್ಲೋವರನ್ನು ದಿನಕ್ಕೆ ಎರಡು ಮೂರು ಬಾರಿ ಒಂದೊಂದು ಗಂಟೆ ನಿಲ್ಲಿಸಿ. ಗಾಳಿ ಇಲ್ಲದ ಹೊತ್ತಿನಲ್ಲಿ ನೈಟ್ರೇಟ್ ಒಡೆದು ಕಳೆದುಹೋದ ಕ್ಷಾರೀಯತೆಯ ಅರ್ಧದಷ್ಟು ಮರಳಿ ಸಿಗುತ್ತದೆ, ವಿದ್ಯುತ್ ಬಿಲ್ಲೂ ಇಳಿಯುತ್ತದೆ. ಅದು ಸಾಲದಿದ್ದರೆ ಸೋಡಾ ಬೈಕಾರ್ಬನೇಟ್. ಸುಣ್ಣ ಅಗ್ಗ, ಆದರೆ ಕೈತಪ್ಪಿ ಹೆಚ್ಚಾದರೆ ಪಿಎಚ್ ಒಮ್ಮೆಲೇ ಮೇಲೆ ಹಾರುತ್ತದೆ.

ಗಾಳಿಯ ದೋಷ

ಕರಗಿದ ಆಮ್ಲಜನಕ 2 ಮಿಲಿಗ್ರಾಂ ಇರಬೇಕಾದಲ್ಲಿ 0.5 ಇದೆ ಎಂದಾದರೆ ಗಾಳಿ ಪೈಪಿನ ಒತ್ತಡ ಮಾಪಕ ಮತ್ತು ನೀರಿನ ಮೇಲ್ಮೈ ಎರಡನ್ನೂ ಒಟ್ಟಿಗೆ ನೋಡಿ. ಒತ್ತಡ ಏರಿ ಗುಳ್ಳೆಗಳು ಕಡಿಮೆಯಾಗಿದ್ದರೆ ತಳದಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಡಿಫ್ಯೂಸರ್‌ಗಳು ಕಟ್ಟಿಕೊಂಡಿವೆ. ಒತ್ತಡ ಇಳಿದು ಒಂದೇ ಕಡೆ ನೀರು ದೊಡ್ಡದಾಗಿ ಕುದಿಯುತ್ತಿದ್ದರೆ ಅಲ್ಲಿ ರಬ್ಬರ್ ಹರಿದಿದೆ ಅಥವಾ ಪೈಪ್ ಬಿಟ್ಟಿದೆ. ಒತ್ತಡವೂ ಇಲ್ಲ, ಎಲ್ಲೂ ಗುಳ್ಳೆಯೂ ಇಲ್ಲ ಎಂದರೆ ದೋಷ ಬ್ಲೋವರ್ ಕೋಣೆಯಲ್ಲಿದೆ: ಸಡಿಲವಾದ ಬೆಲ್ಟ್, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದ ಫಿಲ್ಟರ್, ಅಥವಾ ಸುರಕ್ಷತಾ ವಾಲ್ವ್‌ನಿಂದ ಸೋರಿಕೆ. ಮೂರು ಫೇಸ್‌ಗಳಲ್ಲಿ ಒಂದು ಹೋಗಿ ಮೋಟಾರ್ ಟ್ರಿಪ್ ಆಗುವುದು ಮರ ಉರುಳುವ ದಿನಗಳಲ್ಲಿ ಮಾಮೂಲು.

ಎತ್ತರದ ಲೆಕ್ಕವನ್ನೂ ಮರೆಯಬಾರದು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು ಶೇ. 13ರಷ್ಟು ಕಡಿಮೆ. ಕರಾವಳಿಯ ಲೆಕ್ಕದಲ್ಲಿ ಕೊಂಡ ಬ್ಲೋವರ್ ಇಲ್ಲಿ ಅಷ್ಟೇ ಕಡಿಮೆ ಆಮ್ಲಜನಕ ಕೊಡುತ್ತದೆ. ಆಮ್ಲಜನಕ ಮಾಪಕಕ್ಕೂ ಎತ್ತರದ ಹೊಂದಾಣಿಕೆ ಮಾಡದಿದ್ದರೆ ಅದು 2 ಎಂದು ತೋರಿಸುವಾಗ ನಿಜದಲ್ಲಿ ಇರುವುದು 1.7ರಷ್ಟು.

ಉಳಿದವು

ಜಾಡಿಯಲ್ಲಿ ಚೆನ್ನಾಗಿ ಕುಳಿತ ಸ್ಲಡ್ಜ್ ಒಂದೆರಡು ಗಂಟೆಯ ಮೇಲೆ ಗುಳ್ಳೆಗಳೊಂದಿಗೆ ಮೇಲೆದ್ದರೆ ಕ್ಲಾರಿಫೈಯರ್‌ನಲ್ಲೂ ಅದೇ ಆಗುತ್ತಿದೆ: ತಳದಲ್ಲಿ ಹೆಚ್ಚು ಹೊತ್ತು ನಿಂತ ಸ್ಲಡ್ಜ್‌ನಲ್ಲಿ ನೈಟ್ರೇಟ್ ಒಡೆದು ಸಾರಜನಕ ಅನಿಲವಾಗಿ ಅದನ್ನು ಎತ್ತುತ್ತಿದೆ. ಮರಳಿ ಕಳಿಸುವ ಪಂಪಿನ ವೇಗ ಹೆಚ್ಚಿಸಿ. ಮಾರ್ಚ್, ಏಪ್ರಿಲ್‌ನ ಬೆಚ್ಚನೆಯ ದಿನಗಳಲ್ಲಿ ಇದು ಹೆಚ್ಚು.

ಬಿಳಿಯ ಹಗುರ ನೊರೆ ಸ್ಲಡ್ಜ್ ಕೊಚ್ಚಿಹೋದ ನಂತರ ಬರುತ್ತದೆ, ಎಂಎಲ್‌ಎಸ್‌ಎಸ್ ಏರಿದಂತೆ ಹೋಗುತ್ತದೆ. ಬೇಗ ಆಗಬೇಕಿದ್ದರೆ ಆರೋಗ್ಯವಾಗಿರುವ ಬೇರೊಂದು ಘಟಕದಿಂದ ಎರಡು ಟ್ಯಾಂಕರ್ ಸ್ಲಡ್ಜ್ ತಂದು ಹಾಕಿ. ಕಂದು ಬಣ್ಣದ ದಪ್ಪ ಜಿಡ್ಡು ನೊರೆ ಬೇರೆಯೇ ಜಾತಿ. ಅದಕ್ಕೆ ಹಳೆಯ ಸ್ಲಡ್ಜ್ ಮತ್ತು ಕೊಬ್ಬು ಕಾರಣ. ಹೋಟೆಲು, ಹೋಂಸ್ಟೇ ಅಡುಗೆಮನೆಗಳ ಮತ್ತು ಹಂದಿಮಾಂಸದ ಅಂಗಡಿಗಳ ಜಿಡ್ಡು ತಡೆಯುವ ಗುಂಡಿಗಳನ್ನು ನೋಡಿ ಬನ್ನಿ. ಹೆಚ್ಚಿನವು ಕಟ್ಟಿದ ಮೇಲೆ ಒಮ್ಮೆಯೂ ತೆರೆದಿರುವುದಿಲ್ಲ. ನೊರೆಯನ್ನು ನೀರು ಹಾಯಿಸಿ ಒಳಗೆ ತಳ್ಳಬೇಡಿ, ಮೇಲಿನಿಂದ ತೆಗೆದು ಹೊರಗೆ ಹಾಕಿ.

ಮಾದರಿ ತೆಗೆಯುವ ದಿನವೂ ಮುಖ್ಯ. ಪ್ರವಾಸಿಗರಿಂದ ತುಂಬಿದ ಶನಿವಾರ, ಭಾನುವಾರದ ಹೊರೆ ಬುಧವಾರದ ಮಾದರಿಯಲ್ಲಿ ಕಾಣುವುದಿಲ್ಲ. ಮಡಿಕೇರಿ ದಸರೆಯ ದಶಮಂಟಪಗಳ ರಾತ್ರಿಯದಂತೂ ಲೆಕ್ಕಕ್ಕೇ ಸಿಗದು. 2017ರ ಕೇಂದ್ರ ಅಧಿಸೂಚನೆಯಲ್ಲಿ ಮಹಾನಗರಗಳಲ್ಲದ ಊರುಗಳಿಗೆ ಬಿಒಡಿ ಮಿತಿ 30 ಇತ್ತು, 2019ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಬಿಗಿಗೊಳಿಸಲು ಆದೇಶಿಸಿತು. ಮಾಲಿನ್ಯ ನಿಯಂತ್ರಣ ಮಂಡಳಿ ನಿಮ್ಮ ಘಟಕಕ್ಕೆ ಕೊಟ್ಟ ಸಮ್ಮತಿ ಪತ್ರದಲ್ಲಿ ಯಾವ ಅಂಕಿ ಇದೆಯೋ ಅದನ್ನು ಗೋಡೆಗೆ ಅಂಟಿಸಿಡಿ.

ಕ್ಲೋರಿನ್ ಕೊನೆಯ ಮಾತು. ಬಗ್ಗಡ ಇರುವಾಗ ಅದನ್ನು ಎಷ್ಟು ಹಾಕಿದರೂ ಕಣಗಳೊಳಗಿನ ರೋಗಾಣುಗಳಿಗೆ ತಾಗುವುದಿಲ್ಲ, ಅಮೋನಿಯಾ ಉಳಿದಿದ್ದರೆ ಅದೂ ಕ್ಲೋರಿನನ್ನು ನುಂಗುತ್ತದೆ. ಮೇಲಿನ ದೋಷ ಸರಿಯಾದ ಮೇಲೆ, ಅರ್ಧ ಗಂಟೆಯ ಸಂಪರ್ಕದ ನಂತರ 0.5 ಮಿಲಿಗ್ರಾಂ ಉಳಿಯುವಂತೆ ಪ್ರಮಾಣ ಹೊಂದಿಸಿಕೊಳ್ಳಿ.